ಗೋಕಟ್ಟೆಯ ಸಾಲ



ನಿಮ್ಮಲ್ಲಿ ಅನೇಕರು ನಮ್ಮ ಶಾಲೆಯ ಮೈದಾನದಲ್ಲಿ ಖೋ ಖೋ, ಕಬಡ್ಡಿ ಆಡಿ ಬೆಳೆದವರು. ಒಂದು ಜೋರು ಮಳೆ ಬಿದ್ದರೆ ಸಾಕು, ಆ ಮೈದಾನದ ನಡುಭಾಗದಲ್ಲಿ ನೀರು ನಿಲ್ಲುತ್ತಿದ್ದುದು ನಿಮಗೆ ನೆನಪಿರಬಹುದು. ಎಷ್ಟು ಗಾಡಿ ಗರಸು ಹೊಡೆಸಿದರೂ ಮರುವರ್ಷ ಅದೇ ಪಾಡು. “ಅಲ್ಲೇ ಯಾಕೆ ಸಾರ್ ನಿಲ್ಲುತ್ತೆ?” ಎಂದು ಒಬ್ಬ ಹುಡುಗ ಕೇಳಿದಾಗ ಇಳಿಜಾರಿನ ಬಗ್ಗೆ ಏನೋ ಹೇಳಿ ಮಾತು ತೇಲಿಸಿದ್ದೆ. ಆ ಪ್ರಶ್ನೆಗೆ ನಿಜವಾದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಅಲ್ಲಿ ಒಂದು ಗೋಕಟ್ಟೆಯಿತ್ತು. ತುಮಕೂರು, ಚಿತ್ರದುರ್ಗದ ಬಯಲುಸೀಮೆಯವರಿಗೆ ಈ ಪದವನ್ನು ವಿವರಿಸಬೇಕಿಲ್ಲ. ಪಟ್ಟಣದಲ್ಲಿ ಹುಟ್ಟಿದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ದನಕರು, ಕುರಿಮೇಕೆಗಳು ಕುಡಿಯಲೆಂದೇ ಊರಿನ ಅಂಚಿನಲ್ಲಿ ತೋಡಿದ ಸಣ್ಣ ಕಟ್ಟೆಯದು. ಒಂದು ಬದಿಗೆ ಮಣ್ಣಿನ ಏರಿ, ಮತ್ತೊಂದು ಬದಿಗೆ ಕಾಲು ಜಾರದಂತೆ ಇಳಿದು ಕುಡಿಯಲು ಓರೆಯಾದ ದಂಡೆ. ದಾರಿಹೋಕರಿಗೆ ಅರವಟ್ಟಿಗೆ, ಬಾವಿಯ ಬದಿಯಲ್ಲಿ ದನಗಳಿಗೆ ಕಲ್ಲುಬಾನಿ, ಮೇಯಲು ಹೋದ ಮಂದೆಗೆ ಗೋಕಟ್ಟೆ: ಬಾಯಿಲ್ಲದ ಪ್ರಾಣಿಯ ದಾಹವನ್ನೂ ಹಿರಿಯರು ಊರಿನ ಲೆಕ್ಕದಲ್ಲೇ ಸೇರಿಸಿದ್ದರು.

1996ರಲ್ಲಿ ಶಾಲೆಗೆ ಮೈದಾನ ಬೇಕೆಂದಾಗ ಆ ಜಾಗವನ್ನು ತೋರಿಸಿದವನು ನಾನೇ. ಕಟ್ಟೆಯಲ್ಲಿ ಹೂಳು ತುಂಬಿತ್ತು. ಬೇಸಿಗೆಯಲ್ಲಿ ಬರೀ ಕೆಸರು. ಹಗ್ಗ, ಗೂಟ ಹಿಡಿದು ಅಳತೆ ಹಾಕುತ್ತಿದ್ದಾಗ ಒಬ್ಬ ಮುದಿ ಕುರಿಗಾಹಿ ಬಂದು ನಿಂತ. “ಮೇಷ್ಟ್ರೇ, ಹುಡುಗ್ರು ಆಡ್ಲಿ, ಬ್ಯಾಡ ಅನ್ನಲ್ಲ. ಕುರಿ ಎಲ್ಲಿ ಕುಡೀಬೇಕು?” ಎಂದು ಕೇಳಿದ. “ಕೊಳವೆಬಾವಿ ಬಂದಿದೆಯಲ್ಲ ಯಜಮಾನರೇ, ತೊಟ್ಟಿ ಕಟ್ಟಿಸಿದರಾಯಿತು” ಎಂದೆ. ಅವನು ಮರುಮಾತಾಡದೆ ಹೋದ. ತರಗತಿಯಲ್ಲಿ ಜಲಚಕ್ರದ ಚಿತ್ರವನ್ನು ಚೆಂದವಾಗಿ ಬರೆಯುತ್ತಿದ್ದ ವಿಜ್ಞಾನದ ಮೇಷ್ಟ್ರಿಗೆ ಆ ಚಿತ್ರದೊಳಗೆ ಒಂದು ಕುರಿಮಂದೆಗೂ ಸ್ಥಳವಿದೆಯೆಂದು ಹೊಳೆಯಲಿಲ್ಲ.

ತೊಟ್ಟಿಯನ್ನೇನೋ ಕಟ್ಟಿಸಿದೆವು. 2001ರಿಂದ ಸಾಲಾಗಿ ಮೂರು ವರ್ಷ ರಾಜ್ಯಕ್ಕೆ ಬರ ಬಂದಿತಲ್ಲವೇ, ಆಗ ಕೊಳವೆಬಾವಿ ಬತ್ತಿತು. ಆಮೇಲೆ ಕೊರೆಸಿದ್ದು ಇನ್ನೂ ಆಳಕ್ಕೆ ಹೋಯಿತು. ಆ ನೀರು ಮನೆಗಳಿಗೇ ಸಾಲದಾಯಿತು. ಒಣಗಿದ ತೊಟ್ಟಿಯಲ್ಲಿ ಮಕ್ಕಳು ಊಟದ ಚೀಲ ಇಡತೊಡಗಿದರು. ಕುರಿಗಾಹಿಗಳು ನೀರು ಹುಡುಕುತ್ತ ಮೈಲಿಗಟ್ಟಲೆ ನಡೆದರು. ಆ ಮುದುಕ ತೀರಿಕೊಂಡ ಸುದ್ದಿ ಬಂದ ದಿನ ಅವನ ಪ್ರಶ್ನೆ ಮತ್ತೆ ಕಿವಿಯಲ್ಲಿ ಮೊಳಗಿತು. ಆದರೂ ನಾನು ಏನನ್ನೂ ಮಾಡಲಿಲ್ಲ.

2020ರ ಜೂನ್‌ನಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರು ಹೇಳಿದರು. ಕುರಿ ಕಾಯುತ್ತ ಬಾಳಿದ ಆ ಹಿರಿಯರು ಬೆಟ್ಟದ ಮೇಲೆ ಬಿದ್ದ ನೀರು ನಿಲ್ಲದೆ ಹರಿದುಹೋಗುವುದನ್ನು ಕಂಡು, ಪ್ರಾಣಿಪಕ್ಷಿಗಳಿಗಾಗಿ ಕುಂದೂರು ಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿದ್ದರು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಆ ಸುದ್ದಿ ಓದಿದಾಗ ನನಗೆ ಮೂಡಿದ್ದು ಹೆಮ್ಮೆಯಲ್ಲ, ನಾಚಿಕೆ. ಒಬ್ಬ ಕುರಿಗಾಹಿ ಅಷ್ಟು ಕಟ್ಟೆ ತೋಡಿದ್ದ, ಬಿ.ಎಡ್. ಮಾಡಿದ ನಾನು ಇದ್ದ ಒಂದನ್ನು ಮುಚ್ಚಿಸಿದ್ದೆ.

2023ರ ಬರ ನಿಮಗೆಲ್ಲ ಗೊತ್ತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುಬೇಸಿಗೆಯಲ್ಲಿ ನಮ್ಮೂರಿಗೆ ಟ್ಯಾಂಕರ್ ಬರುತ್ತಿತ್ತು. ಮನೆಗಿಷ್ಟು ಬಿಂದಿಗೆ ಎಂಬ ಆ ಲೆಕ್ಕದಲ್ಲಿ ದನಕರುಗಳಿರಲಿಲ್ಲ. ತಮ್ಮ ಪಾಲಿನ ನೀರಿನಲ್ಲೇ ಹಸುವಿಗೂ ಉಳಿಸಿ ಕುಡಿಸುತ್ತಿದ್ದ ಹೆಂಗಸರನ್ನು ಕಣ್ಣಾರೆ ಕಂಡೆ. ಪ್ರಾಣಿಗಳ ದಾಹ ತೀರಿದರೆ ಮನೆಯ ಬಿಂದಿಗೆಯೂ ಉಳಿಯುತ್ತದೆಂದು ಅರ್ಥವಾದದ್ದು ಆಗ.

ಹಳೆಯ ವಿದ್ಯಾರ್ಥಿಗಳು ಕೆಲವರಿಗೆ ಫೋನ್ ಮಾಡಿ 1996ರ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಇಪ್ಪತ್ತಕ್ಕೂ ಹೆಚ್ಚು ಜನ ಹಣ ಹಾಕಿದರು. ಊರಲ್ಲಿದ್ದವರು ಮೈ ಬಗ್ಗಿಸಿದರು. ಮೈದಾನವನ್ನು ಅಗೆಯುವಂತಿಲ್ಲ, ಅಗೆಯಬಾರದು ಕೂಡ. ಅದರ ಕೆಳಗಿನ ಗೋಮಾಳದಲ್ಲಿ ಪಂಚಾಯತಿಯ ಒಪ್ಪಿಗೆ ಪಡೆದು, ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ, ಆರು ಅಡಿ ಆಳದ ಕಟ್ಟೆ ತೋಡಿಸಿದೆವು. ಮೈದಾನದಲ್ಲಿ ನಿಲ್ಲುವ ನೀರಿಗೆ ಕಾಲುವೆ ಮಾಡಿ, ಕಟ್ಟೆಯ ಬಾಯಲ್ಲಿ ಹೂಳು ತಂಗಲು ಒಂದು ಗುಂಡಿ ಬಿಟ್ಟೆವು.

ಮೇಷ್ಟ್ರ ಚಾಳಿ ಬಿಡುವುದುಂಟೇ? ಲೆಕ್ಕವನ್ನೂ ಹಾಕಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಒಂದೂವರೆ ಎಕರೆ ಮೈದಾನವೆಂದರೆ ಸುಮಾರು 6,000 ಚದರ ಮೀಟರ್. 50 ಮಿ.ಮೀ. ಮಳೆ ಬಿದ್ದು ಅರ್ಧದಷ್ಟು ಹರಿದು ಬಂದರೂ ಒಂದೂವರೆ ಲಕ್ಷ ಲೀಟರ್. ಕುರಿಗೆ ದಿನಕ್ಕೆ 5, ದನಕ್ಕೆ 50 ಲೀಟರ್‌ನಂತೆ, 300 ಕುರಿ, 60 ದನಗಳಿಗೆ ದಿನವೊಂದಕ್ಕೆ 4,500 ಲೀಟರ್. ಬಿಸಿಲು ಹೀರುವುದನ್ನು ಕಳೆದರೂ ಒಂದು ಮಳೆಗೆ ಇಪ್ಪತ್ತೈದು ದಿನ!

2024ರ ಮೇ ತಿಂಗಳಲ್ಲಿ ಮಳೆ ಬಂತು, ಕಟ್ಟೆಯಲ್ಲಿ ನೀರು ನಿಂತಿತು. ಹನ್ನೆರಡನೆಯ ದಿನಕ್ಕೆ ತಳ ಕಂಡಿತು. ನೆಲ ಕುಡಿಯುವ ನೀರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ! ತಲೆ ತಗ್ಗಿಸಿ ನಿಂತಿದ್ದಾಗ ಆ ಮುದುಕನ ಮೊಮ್ಮಗ ಬಂದ. ಅವನೂ ನನ್ನ ವಿದ್ಯಾರ್ಥಿಯೇ, ಹತ್ತನೆಯ ತರಗತಿಗೆ ಶಾಲೆ ಬಿಟ್ಟವನು. “ಸಾರ್, ತಳ ತುಳಿಸಿಲ್ಲ ನೀವು. ತಾತ ಹೇಳ್ತಿದ್ರು, ಹೊಸ ಕಟ್ಟೆಗೆ ಮೊದಲು ಕುರಿ ಇಳಿಸ್ಬೇಕು” ಎಂದ. ಕೆರೆಯಂಗಳದ ಜೇಡಿಮಣ್ಣು ತಂದು ಹರಡಿ, ನೀರು ಚಿಮುಕಿಸಿ, ಮೂರು ಸಂಜೆ ಮಂದೆಯನ್ನು ಕಟ್ಟೆಯೊಳಗೆ ಸುತ್ತಾಡಿಸಿದ. ಸಾವಿರಾರು ಗೊರಸುಗಳ ತುಳಿತಕ್ಕೆ ಮಣ್ಣಿನ ಸಂದುಗಳು ಮುಚ್ಚಿ ತಳ ಬಿಗಿಯಾಯಿತು. ಮುಂದಿನ ಮಳೆಯ ನೀರು ಇಪ್ಪತ್ತು ದಿನ ದಾಟಿ ನಿಂತಿತು.

ಈಗ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಗುಂಡಿಯ ಹೂಳು ತೆಗೆಯುತ್ತೇವೆ. ಅದನ್ನು ರೈತರು ಹೊಲಕ್ಕೆ ಹೊಡೆಯುತ್ತಾರೆ. ಇದರಿಂದ ಊರಿನ ನೀರಿನ ಬವಣೆ ನೀಗಿತೆಂದು ಹೇಳಲಾರೆ. ಕಡುಬೇಸಿಗೆಯಲ್ಲಿ ಕಟ್ಟೆ ಒಣಗುತ್ತದೆ, ಟ್ಯಾಂಕರ್ ಈಗಲೂ ಬೇಕಾಗಬಹುದು. ಆದರೆ ಸಂಜೆ ನಾನು ಏರಿಯ ಮೇಲೆ ಕುಳಿತಿರುವಾಗ ಮಂದೆ ಬಂದು, ಓರೆಯ ದಂಡೆಯಲ್ಲಿ ಸಾಲಾಗಿ ತಲೆ ಬಗ್ಗಿಸಿ ಕುಡಿಯುತ್ತದೆ. ಆ ಸದ್ದನ್ನು ಕೇಳುತ್ತ ಕುಳಿತುಕೊಳ್ಳುತ್ತೇನೆ. ಅಜ್ಜನಿಗೆ ಕೊಡದ ಉತ್ತರವನ್ನು ಮೊಮ್ಮಗನ ಸಹಾಯದಿಂದ ಇಪ್ಪತ್ತೆಂಟು ವರ್ಷ ತಡವಾಗಿ ಕೊಟ್ಟಂತಾಯಿತು.

ನೀವು ರಜೆಗೆ ನಿಮ್ಮ ನಿಮ್ಮ ಊರಿಗೆ ಹೋದಾಗ, ಅಲ್ಲಿ ಗೋಕಟ್ಟೆ ಎಲ್ಲಿತ್ತೆಂದು ಹಿರಿಯರೊಬ್ಬರನ್ನು ಕೇಳಿ. ಅದರ ಮೇಲೆ ಇಂದು ಏನಿದೆಯೋ ನೋಡಿ, ನನಗೆ ಬರೆಯಿರಿ. ಜೂನ್‌ಗೆ ಮುಂಚೆ ನಮ್ಮೂರಿಗೆ ಬಂದರಂತೂ ಒಂದು ಗುದ್ದಲಿ ನಿಮಗಾಗಿ ಕಾದಿರುತ್ತದೆ.