ಊಟದ ಮುಂದಿನ ಸೊನ್ನೆ

ಮೊದಲೇ ಹೇಳಿಬಿಡ್ತೀವಿ, ಈ ಲೇಖನದಲ್ಲಿ 'ನಾವು' ಅಂದ್ರೆ ಇಬ್ಬರು. ಅಣ್ಣ-ತಮ್ಮಂದಿರ ಮಕ್ಕಳು, ಊರು ಕಮತಗಿ, ಇದೇ ಕಾಲೇಜಿನಲ್ಲಿ ಎರಡನೇ ವರ್ಷ, ಹಾಸ್ಟೆಲಿನಲ್ಲಿ ಒಂದೇ ರೂಮು, ಇಬ್ಬರಿಗೂ ವಯಸ್ಸು ಹತ್ತೊಂಬತ್ತು. ಎಲ್‌ಕೆಜಿಯಿಂದ ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ, ತಿದ್ದಬೇಕಾದವರು ಕನ್ನಡ ಕ್ಲಬ್ಬಿನವರು.

ಇದೆಲ್ಲಾ ಶುರುವಾಗಿದ್ದು ಒಂದು ವಿಡಿಯೋದಿಂದ. ಡಿಸೈನ್ ಥಿಂಕಿಂಗ್ ಮಿನಿ ಪ್ರಾಜೆಕ್ಟಿಗೆ ಐಡಿಯಾ ಸಿಗದೆ ರಾತ್ರಿ ಒಂದು ಗಂಟೆಗೆ ಮೊಬೈಲ್ ತಿಕ್ಕುತ್ತಾ ಕೂತಿದ್ವಿ. ಮೆಕ್ಸಿಕೋದ ಸಮುದ್ರದ ದಂಡೆಯ ಊರು, ಹೆಸರು ಪುಯೆರ್ತೊ ವಯಾರ್ತಾ. ಅಲ್ಲಿ ಒಬ್ಬ ಗೈಡ್ ಹತ್ತು-ಹನ್ನೆರಡು ಜನರನ್ನ ಬೀದಿಬೀದಿ ಕರಕೊಂಡು ಹೋಗ್ತಾನೆ. ಒಂದು ಗಾಡಿಯ ಹತ್ತಿರ ಟಾಕೊ, ಇನ್ನೊಂದು ಕಡೆ ಮೀನು, ದಂಡೆಯ ಮೇಲೆ ತೆಂಗಿನ ಮರದ ರಸದಿಂದ ಮಾಡಿದ 'ತೂಬಾ' ಅನ್ನೋ ಪಾನೀಯ. ತಿಂದಿದ್ದಕ್ಕಿಂತ ಗೈಡ್ ಮಾತಾಡಿದ್ದೇ ಹೆಚ್ಚು. ಬಂದವರು ಅದಕ್ಕೂ ಡಾಲರ್ ಕೊಟ್ಟಿದ್ದಾರೆ. ಪಕ್ಕದಲ್ಲಿದ್ದ ಮಂಗಳೂರಿನ ಗೆಳೆಯ ತೂಬಾ ನೋಡಿ, "ಇದೆಂತ ಮಾರಾಯ, ನಮ್ಮ ಕಳ್ಳು ಅಲ್ವಾ?" ಅಂದ.

ನಮಗೆ ಹೊಳೆದದ್ದು ಬೇರೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲಿಕ್ಕೆ ವರ್ಷವಿಡೀ ಜನ ಬರ್ತಾರೆ. ಪಟ್ಟದಕಲ್ಲಂತೂ 1987ರಿಂದ ವಿಶ್ವ ಪರಂಪರೆಯ ತಾಣ. ಬಂದವರು ಕಲ್ಲು ನೋಡಿ, ಹೈವೇ ಮೇಲೆ ಪನೀರ್ ತಿಂದು ಹೋಗಿಬಿಡ್ತಾರೆ. ಅಲ್ಲಿಂದ ಕೂಗಳತೆಯಲ್ಲಿರೋ ನಮ್ಮ ಕಮತಗಿಗೆ ಯಾಕೆ ಬರಬಾರದು? ರೊಟ್ಟಿ ಇದೆ, ಮಜ್ಜಿಗೆ ಇದೆ, ಹೊಳೆ ದಾಟಿದ್ರೆ ಅಮೀನಗಡದ ಕರದಂಟು ಇದೆ. ಗೈಡ್ ಆಗಲಿಕ್ಕೆ ನಾವಿದ್ದೀವಿ. ಪ್ರಾಜೆಕ್ಟ್ ಸಿಕ್ತು ಅಂತ ಅವತ್ತು ನೆಮ್ಮದಿಯಾಗಿ ಮಲಗಿದ್ವಿ.

ಜನವರಿ ರಜೆಯಲ್ಲಿ ಪೈಲಟ್ ಟೂರು. ನಾಲ್ಕು ಜನ ಗಿರಾಕಿಗಳು: ಮಂಗಳೂರಿನವನು, ಮೈಸೂರಿನವಳು, ತುಮಕೂರಿನ ಒಬ್ಬ ಹುಡುಗ, ಒಬ್ಬಳು ಹುಡುಗಿ. ತಲೆಗೆ 400 ರೂಪಾಯಿ, ಒಟ್ಟು 1600. ಗೆಳೆಯರ ಹತ್ತಿರ ದುಡ್ಡಾ ಅಂತ ಬೈಕೋಬೇಡಿ, ಫೀಡ್‌ಬ್ಯಾಕ್ ಸರಿಯಾಗಿ ಬರಬೇಕಾದ್ರೆ ದುಡ್ಡು ಕೊಟ್ಟಿರಬೇಕು ಅಂತ ಕ್ಲಾಸಿನಲ್ಲೇ ಹೇಳಿದ್ದರು.

ಮೊದಲ ದಿನ ಅವರ ಖರ್ಚಿನಲ್ಲೇ ಐಹೊಳೆ, ಪಟ್ಟದಕಲ್ಲು, ಬಾದಾಮಿ ಸುತ್ತಿಸಿದ್ವಿ. ಮಧ್ಯಾಹ್ನ ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು "ಬರ್ರಿ ಯಪ್ಪಾ, ಊಟಾ ಮಾಡ್ರಿ" ಅಂತ ಕರೆದರು. ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಯ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು. ರೇಟು ಕೇಳಿದ್ರೆ ತಟ್ಟನೆ ಹೇಳಿದರು. ಚೌಕಾಸಿ ಮಾಡಿದ ತುಮಕೂರಿನವನಿಗೆ ಒಬ್ಬರು, "ಕಟ್ಟಿಗಿ ಪುಕ್ಕಟ ಬರ್ತಾವೇನೋ ತಮ್ಮಾ?" ಅಂದರು. ಅವನು ಸುಮ್ಮನೆ ಕೊಟ್ಟ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ನಾವು ನೆನಪಿಟ್ಟುಕೊಳ್ಳಲಿಲ್ಲ.

ರಾತ್ರಿ ಎಲ್ಲರೂ ನಮ್ಮ ಮನೆಯಲ್ಲೇ ಉಳಿದ್ರು. ಮರುದಿನ ನಮ್ಮ ಟೂರು. ಕಮತಗಿ ಬಸ್‌ಸ್ಟ್ಯಾಂಡಿನ ಹತ್ತಿರ ಬೆಳಗಿನ ನಾಷ್ಟಾ: ಸುಸಲಾ, ಮಿರ್ಚಿ, ಮೇಲೆ ಚಾ. ನಮ್ಮಲ್ಲೊಬ್ಬ ಗೈಡ್ ಗತ್ತಿನಲ್ಲಿ ಶುರು ಮಾಡಿದ: "ಇದು ಸುಸಲಾ, ಅಂದ್ರೆ... ಪಫ್ಡ್ ರೈಸ್ ಉಪ್ಪಿಟ್ಟು." ಮೈಸೂರಿನವಳು, "ಹೆಂಗ್ ಮಾಡ್ತಾರೆ?" ಅಂದಳು. ಇಬ್ಬರೂ ಮುಖ ಮುಖ ನೋಡಿಕೊಂಡ್ವಿ. ಎಣ್ಣೆಯ ಮುಂದೆ ನಿಂತಿದ್ದ ಹೋಟೆಲ್ ಕಾಕಾನೇ ಹೇಳಿದರು: ಚುರುಮುರಿ ನೀರಿನಲ್ಲಿ ತೋಯಿಸಿ, ಹಿಂಡಿ, ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಹಿಟ್ಟು. ಹತ್ತೊಂಬತ್ತು ವರ್ಷ ತಿಂದಿದ್ವಿ, ಹಿಂಡೋದು ಗೊತ್ತಿರಲಿಲ್ಲ.

ಅಲ್ಲಿಂದ ನೇಕಾರರ ಓಣಿ. ಕಮತಗಿಯಲ್ಲಿ ಇಳಕಲ್ ಸೀರೆ ನೇಯುವ ಮನೆಗಳಿವೆ. ಮಗ್ಗದ ಸದ್ದು ಕೇಳಿಕೊಂಡೇ ನಾವು ಬೆಳೆದಿದ್ದು. ಒಂದು ಮನೆಯಲ್ಲಿ ಹೊಸಬರನ್ನ ನೋಡಿ ಮತ್ತೆ ಚಾ ಕೊಟ್ಟರು. ಅದಕ್ಕೂ ದುಡ್ಡಿಲ್ಲ. ನಾವು ನೋಟ್‌ಬುಕ್ಕಿನಲ್ಲಿ 'ಚಾ: 0' ಅಂತ ಖುಷಿಯಿಂದ ಬರಕೊಂಡ್ವಿ.

ಮಧ್ಯಾಹ್ನದ ಊಟ ದೊಡ್ಡವ್ವನ ಮನೆಯಲ್ಲಿ. ರಕ್ತಸಂಬಂಧ ಇಲ್ಲ, ಮಗ್ಗುಲ ಮನೆಯವಳು, ಚಿಕ್ಕವರಿದ್ದಾಗಿಂದ ದೊಡ್ಡವ್ವ ಅಂತಲೇ ಕರೀತೀವಿ. ಮನೆಯಲ್ಲೇ ರೊಟ್ಟಿ ಮಾಡಿ ಮಾರ್ತಾಳೆ. ಮದುವೆ ಮನೆ, ಖಾನಾವಳಿ ಅಂತ ಆರ್ಡರ್ ಬರ್ತಾವೆ. ಹಿಂದಿನ ದಿನ ಹೋಗಿ, "ದೊಡ್ಡವ್ವಾ, ನಾಳೆ ನಮ್ಮ ಗೆಳೆಯರು ಬರ್ತಾರ, ನಿನ್ನ ರೊಟ್ಟಿ ತೋರಿಸ್ಬೇಕು" ಅಂದಿದ್ವಿ. ಅಷ್ಟೇ ಹೇಳಿದ್ದು.

ನಾವು ಹೋದಾಗ ಒಲೆ ಉರೀತಿತ್ತು. "ಬರ್ರಿ ಯವ್ವಾ, ಬರ್ರಿ ಯಪ್ಪಾ, ಕುಂದರ್ರಿ" ಅಂತ ಚಾಪೆ ಹಾಸಿದಳು. ಪರಾತದಲ್ಲಿ ಜೋಳದ ಹಿಟ್ಟು, ನಡುವೆ ಕುಳಿ, ಅದಕ್ಕೆ ಕುದಿಯೋ ನೀರು. ಇಲ್ಲಿ ಮಾತ್ರ ನಮ್ಮ ಬಿಇ ಕೆಲಸಕ್ಕೆ ಬಂತು. ಗೋದಿಯಲ್ಲಿ ಗ್ಲುಟೆನ್ ಇರೋದ್ರಿಂದ ತಣ್ಣೀರಿನಲ್ಲೂ ಕಣಕ ಜಿಗಿಯಾಗಿ ನಿಲ್ಲುತ್ತೆ. ಜೋಳದಲ್ಲಿ ಅದಿಲ್ಲ. ಕುದಿಯೋ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತೆ, ಆಗಲೇ ಬಡಿಯಲಿಕ್ಕೆ ಬರೋದು. ನಾವು ಇದನ್ನ ವಿವರಿಸಿದಾಗ ದೊಡ್ಡವ್ವ, "ಅದನ್ನ ಕಲೀಲಿಕ್ಕೆ ಅಷ್ಟು ಫೀಜು ತುಂಬೀರೇನ?" ಅಂದಳು. ಎಲ್ಲರೂ ನಕ್ಕರು.

ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ, ಉಬ್ಬಿದ ಕೂಡಲೇ ನೇರ ತಾಟಿಗೆ. ಜೊತೆಗೆ ಎಣಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ರಂಜಕ, ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಸೊಪ್ಪು. ತುಮಕೂರಿನ ಹುಡುಗಿ ಸೊಪ್ಪಿನ ಹೆಸರು ಕೇಳಿದಳು. ನಾವು "ಸಲಾಡ್" ಅಂದ್ವಿ. ದೊಡ್ಡವ್ವ ಹಣೆ ಚಚ್ಚಿಕೊಂಡು, "ಹಕ್ಕರಕಿ, ಯವ್ವಾ. ಹೊಲದಾಗ ತಾನ ಬೆಳಿತೈತಿ. ಇವಕ್ಕ ಗೊತ್ತಿಲ್ಲ, ಸಾಲಿ ಕಲಿತಾವ" ಅಂದಳು.

ರಂಜಕ ತಿಂದು ಮಂಗಳೂರಿನವನ ಕಣ್ಣಲ್ಲಿ ನೀರು. ಆಗ ಮೈಸೂರಿನವಳು ಒಂದು ಮಾತು ತೆಗೆದಳು. ಮೆಣಸಿನಕಾಯಿಯ ಮೂಲ ಮೆಕ್ಸಿಕೋ ಕಡೆಯದು. ಪೋರ್ಚುಗೀಸರು 16ನೇ ಶತಮಾನದಲ್ಲಿ ಇಲ್ಲಿಗೆ ತಂದದ್ದು. ಶೇಂಗಾ ದಕ್ಷಿಣ ಅಮೆರಿಕದ್ದು. ಜೋಳ ಕೂಡ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದಿದ್ದು. ನಿನ್ನೆ ಐಹೊಳೆಯ ಮೇಗುತಿ ಗುಡಿಯಲ್ಲಿ ನೋಡಿದ ರವಿಕೀರ್ತಿಯ ಶಾಸನ 634ರದ್ದು. ಅಂದ್ರೆ ಇಮ್ಮಡಿ ಪುಲಕೇಶಿ ರಂಜಕ ತಿಂದೇ ಇಲ್ಲ! ಮೆಕ್ಸಿಕೋದವರು ಮೆಕ್ಕೆಜೋಳವನ್ನ ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ತಟ್ಟಿ ಹಂಚಿನ ಮೇಲೆ ಸುಡ್ತಾರೆ ಅಂತಲೂ ಹೇಳಿದಳು. ದೊಡ್ಡವ್ವ ಬಡಿಯೋ ಕೈ ನಿಲ್ಲಿಸದೆ ಕೇಳಿದಳು: "ಹಂಗಾರ ಅಲ್ಲೂ ಹೆಣ್ಮಕ್ಕಳ ಒಲಿ ಮುಂದ ಕುಂದರ್ತಾರಿಲ್ಲ?" ಯಾರೂ ಉತ್ತರ ಕೊಡಲಿಲ್ಲ. ಮಜ್ಜಿಗೆ ಕುಡಿದ್ವಿ.

ನಾವು ಆರು ಜನ ಎಷ್ಟು ರೊಟ್ಟಿ ತಿಂದ್ವಿ ಅಂತ ಎಣಿಸಲಿಲ್ಲ. ಏಳುವಾಗ ಯಾರಿಗೂ ಬಗ್ಗಲಿಕ್ಕೆ ಆಗ್ತಿರಲಿಲ್ಲ.

ಸಾಯಂಕಾಲ ಬಸ್ಸಿನಲ್ಲಿ ಮಲಪ್ರಭಾ ದಾಟಿ ಅಮೀನಗಡ. ಹುಡುಗಿಯರಿಗೆ ಶಕ್ತಿ ಯೋಜನೆಯ ಟಿಕೆಟ್, ಹಾಗಾಗಿ ನಮ್ಮ ಖರ್ಚು ಉಳೀತು. ಕರದಂಟು ಅಂದ್ರೆ ಕರಿದ ಅಂಟು. ಗಿಡದ ಅಂಟನ್ನ ತುಪ್ಪದಲ್ಲಿ ಹುರಿದಾಗ ಅರಳಿನ ಹಾಗೆ ಉಬ್ಬುತ್ತೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಬೆಲ್ಲದ ಪಾಕ. ಬಾಣಂತಿಯರಿಗೆ ಕೊಡೋ ಅಂಟಿನುಂಡೆಯ ಅಣ್ಣನೇ ಇದು. ಇಷ್ಟು ಮಾತ್ರ ನಾವು ತಪ್ಪಿಲ್ಲದೆ ಹೇಳಿದ್ವಿ, ಹಿಂದಿನ ರಾತ್ರಿ ಆಯಿ ಹತ್ತಿರ ಬಾಯಿಪಾಠ ಮಾಡಿದ್ವಿ. ಅರ್ಧ ಕೇಜಿ ತಗೊಂಡು, ಸೋಡಾ ಕುಡಿದು ವಾಪಸ್.

ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಹಾಕಿದ್ವಿ. ಬಂದದ್ದು 1600. ನಾಷ್ಟಾ 240, ಬಸ್ಸು 120, ಕರದಂಟು 300, ಸೋಡಾ 60. ಊಟ 0. ಉಳಿದದ್ದು 880. ಅರ್ಧಕ್ಕಿಂತ ಜಾಸ್ತಿ ಲಾಭ! ಸರ್‌ಗೆ ತೋರಿಸಿದ್ರೆ ಎಸ್ ಗ್ರೇಡ್ ಗ್ಯಾರಂಟಿ ಅಂತ ಕೈ ಕೈ ಹೊಡಕೊಂಡ್ವಿ.

ಆಗ ಮಗ್ಗುಲ ಮನೆಯಿಂದ ಟಪ್ ಟಪ್ ಟಪ್ ಅಂತ ಸದ್ದು. ಈ ಹೊತ್ತಿನಲ್ಲಿ ರೊಟ್ಟಿ ಯಾರು ಬಡೀತಾರೆ? ಆಯಿಯನ್ನ ಕೇಳಿದ್ವಿ. ಆಯಿ ಅಡಕಿ ಕತ್ತರಿಸ್ತಾ ಹೇಳಿದಳು: "ನಾಳೆ ಮುಂಜಾನಿ ಎರಡು ನೂರು ಖಡಕ್ ರೊಟ್ಟಿ ಆರ್ಡರ್ ಐತಿ ಆಕಿಗೆ. ಮಧ್ಯಾಹ್ನದ ಹೊತ್ತು ನಿಮಗ ಹೋತು. ಈಗ ಕುಂತಾಳ."

ಇಬ್ಬರೂ ಶೀಟ್ ನೋಡಿದ್ವಿ. ಊಟ 0. ಆ ಸೊನ್ನೆಯೊಳಗೆ ಬದನೆಕಾಯಿ, ಕಟ್ಟಿಗೆ, ಹಿಟ್ಟು, ಮೂರು ತಾಸು, ಈಗ ನಡೀತಿರೋ ಈ ಟಪ್ ಟಪ್, ಎಲ್ಲಾ ಇತ್ತು. ನಮ್ಮ 880 ಬೇರೆ ಎಲ್ಲಿಂದಲೂ ಬಂದಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಹೋದ್ವಿ. ಐದು ನೂರು ಮುಂದೆ ಹಿಡಿದ್ವಿ. ದೊಡ್ಡವ್ವ ಮೊದಲು ನಕ್ಕಳು. "ಏನ್ರೋ ಇದು? ಮನಿಗೆ ಬಂದ ಮಂದಿ ಉಂಡ್ರ ರೊಕ್ಕಾ ತಗೊಂತಾರೇನ?" ಆಗ ನಿಜ ಹೇಳಲೇಬೇಕಾಯ್ತು. ಬಂದವರು ಗೆಳೆಯರೇ, ಆದ್ರೆ ಅವರ ಹತ್ತಿರ ತಲೆಗೆ ನಾಲ್ಕು ನೂರು ಇಸಕೊಂಡಿದ್ವಿ ಅಂತ.

ಕೈ ನಿಂತಿತು. ಸ್ವಲ್ಪ ಹೊತ್ತು ಒಲೆಯ ಸದ್ದು ಮಾತ್ರ.

"ನನ್ನ ಮನ್ಯಾಗ ಉಣ್ಣಾಕ ಅವರ ಕಡೆ ನೀವು ರೊಕ್ಕಾ ಇಸ್ಕೊಂಡ್ರಿ?"

ಸುಮ್ಮನಿದ್ವಿ.

"ಗಿರಾಕಿ ಬರ್ತಾರ ಅಂದಿದ್ರ ರೇಟು ಹೇಳ್ತಿದ್ದೆ. ಗೆಳ್ಯಾರು ಅಂದ್ರಿ, ಉಣಸಿದೆ. ನನಗ ಎರಡೂ ಬರ್ತಾವ. ನೀವು ಯಾವದು ಅಂತ ಮೊದಲ ಹೇಳಬೇಕಿತ್ತು."

ಬೈದಿದ್ರೆ ಸಮಾಧಾನ ಆಗ್ತಿತ್ತು. ಬೈಯಲಿಲ್ಲ. ದುಡ್ಡೂ ಮುಟ್ಟಲಿಲ್ಲ. "ಉಣಸಿದ್ದಕ್ಕ ಈಗ ರೊಕ್ಕಾ ತಗೊಂಡ್ರ ಆ ಹುಡುಗ್ಯಾರಿಗೆ ಯವ್ವಾ ಅಂದಿದ್ದು ಸುಳ್ಳಾಕ್ಕೈತಿ. ಹೋಗ್ರಿ, ಮಲಕೋರಿ."

ಮಲಗಲಿಕ್ಕೆ ಆಗಲಿಲ್ಲ. ಬನಶಂಕರಿಯ ಬುಟ್ಟಿಯವರು ನೆನಪಾದರು. ಅವರು ಊಟಕ್ಕೆ ಕರೆದರು, ರೇಟು ಹೇಳಿದರು, ನಾವು ಕೊಟ್ವಿ. ಅಲ್ಲಿ ಯಾರಿಗೂ ನಾಚಿಕೆ ಆಗಲಿಲ್ಲ. ಅನ್ನಕ್ಕೆ ಬೆಲೆ ಕಟ್ಟಿದ್ದು ನಮ್ಮ ತಪ್ಪಲ್ಲ. ದೊಡ್ಡವ್ವನಿಗೆ ಬೆಲೆ ಹೇಳೋ ಅವಕಾಶವನ್ನೇ ಕೊಡದೆ, ಅವಳ ಪ್ರೀತಿಯನ್ನ ನಾವು ಮಾರಿಕೊಂಡಿದ್ವಿ. ಅದೂ ಗೈಡ್ ಅಂತ ಹೇಳಿಕೊಂಡು.

ಬೆಳಗ್ಗೆ ಗೆಳೆಯರಿಗೆ ಎಲ್ಲಾ ಹೇಳಿ 880 ವಾಪಸ್ ಕೊಡಲಿಕ್ಕೆ ಹೋದ್ವಿ. ತುಮಕೂರಿನವನು ಮೊದಲು ರೇಗಿಸಿದ, ಆಮೇಲೆ ಸುಮ್ಮನಾದ. ಉಪಾಯ ಹೇಳಿದ್ದು ಮಂಗಳೂರಿನವನು: "ಊಟದ ದುಡ್ಡು ಅವರು ತಗೊಳ್ಳುದಿಲ್ಲ ಮಾರಾಯ. ರೊಟ್ಟಿ ಆರ್ಡರ್ ಕೊಟ್ರೆ ತಗೊಳ್ತಾರಲ್ವಾ?"

ಆರೂ ಜನ ಹೋದ್ವಿ. ಈ ಸಲ ಬಾಗಿಲಲ್ಲೇ ನಿಂತು, "ದೊಡ್ಡವ್ವಾ, ಇವತ್ತ ಗಿರಾಕಿ ಆಗಿ ಬಂದೀವಿ. ಖಡಕ್ ರೊಟ್ಟಿ ಹೆಂಗ?" ಅಂದ್ವಿ. ಅವಳು ನಮ್ಮನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿ, "ಒಂದಕ್ಕ ಏಳು ರೂಪಾಯಿ. ಮೂರು ದಿನಾ ಬೇಕು. ರೊಕ್ಕಾ ಮೊದಲ" ಅಂದಳು. ದನಿ ಪಕ್ಕಾ ವ್ಯಾಪಾರದ್ದು. 880 ಕೊಟ್ವಿ. ನೂರಾ ಇಪ್ಪತ್ತೈದು ರೊಟ್ಟಿಗೆ 875. ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿಯ ನಾಣ್ಯ ತೆಗೆದು ಕೈಯಲ್ಲಿಟ್ಟಳು. "ಲೆಕ್ಕಾ ಲೆಕ್ಕಾನ" ಅಂದಳು. ಆಮೇಲೆ ದನಿ ಬದಲಾಯಿಸಿ, "ನಿಂತೀರಿ ಯಾಕ? ಒಳಗ ಬರ್ರಿ, ಚಾ ಕುಡೀರಿ" ಅಂದಳು.

ರೊಟ್ಟಿ ಹಾಸ್ಟೆಲಿಗೆ ಬಂದು ಎಷ್ಟು ದಿನ ಉಳೀತು ಅಂತ ಎರಡನೇ ಮಹಡಿಯವರಿಗೆಲ್ಲಾ ಗೊತ್ತಿದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ 'ಊಟ 0' ಅಳಿಸಿ, ದೊಡ್ಡವ್ವನನ್ನೇ ಕೇಳಿ ಅವಳು ಹೇಳಿದ ರೇಟು ಹಾಕಿದ್ವಿ: ತಲೆಗೆ 150, ಆರು ಜನಕ್ಕೆ 900. ಪೈಲಟ್ ಟೂರು 20 ರೂಪಾಯಿ ಲುಕ್ಸಾನು. ಗ್ರೇಡು ಬಿ ಬಂತು. ಸರ್ ಕೇಳಿದ್ದು ಒಂದೇ ಪ್ರಶ್ನೆ: "ಇದು ಸ್ಕೇಲ್ ಆಗುತ್ತಾ?" ಗೊತ್ತಿಲ್ಲ ಸರ್ ಅಂದ್ವಿ.

ಐದು ರೂಪಾಯಿಯ ಆ ನಾಣ್ಯ ರೂಮಿನ ಕಿಟಕಿಯ ಮೇಲಿದೆ. ನೀವು ಕಮತಗಿಗೆ ಬರೋದಾದ್ರೆ ಖಂಡಿತ ಬನ್ನಿ, ಹಕ್ಕರಕಿಯ ಹೆಸರು ಈಗ ನಮಗೆ ಗೊತ್ತು. ಬರೋ ಮುಂಚೆ ಒಂದೇ ಮಾತು ಹೇಳಿಬಿಡಿ: ಗೆಳೆಯರಾಗಿ ಬರ್ತೀರೋ, ಗಿರಾಕಿಯಾಗಿ ಬರ್ತೀರೋ. ದೊಡ್ಡವ್ವನಿಗೆ ಎರಡೂ ಬರ್ತಾವೆ.