ಎಂಟರ್ ಒತ್ತಿದ್ರ ಬಿಲ್ ಬರಲಿ

ಇಳಕಲ್ಲಿನ ನಮ್ಮ ಚಿಗವ್ವನ ಸೀರೆ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಹಳೆಯದು, ಜಾವಾ ಸ್ವಿಂಗ್‌ನಲ್ಲಿ ಬರೆದದ್ದು. ಈಗ ಅದರ ಕೋಡ್ ನಾನೇ ನೋಡಿಕೊಳ್ಳುತ್ತೇನೆ. ಮದುವೆ ಸೀಸನ್‌ನಲ್ಲಿ ಫೋನ್ ಬಂತು: “ತಮ್ಮಾ, ಪ್ರಿಂಟ್ ಬಟನ್ ಮ್ಯಾಲೆ ಎಂಟರ್ ಒತ್ತಿದ್ರ ಸುಮ್ನ ಕುಂದರತೈತಿ. ಹಳೇ ಬಿಲ್ ಬುಕ್ಕೇ ಚಲೋ ಇತ್ತು.”

ಅದು ಕೆಟ್ಟಿರಲಿಲ್ಲ. ಸ್ವಿಂಗ್‌ನ ‘ಮೆಟಲ್’ ಲುಕ್‌ನಲ್ಲಿ ಫೋಕಸ್ ಇರುವ ಬಟನ್ ಸ್ಪೇಸ್‌ಬಾರ್‌ಗೆ ಮಾತ್ರ ಓಗೊಡುತ್ತದೆ. ಎಂಟರ್ ಹೋಗುವುದು ವಿಂಡೋದ ಡಿಫಾಲ್ಟ್ ಬಟನ್‌ಗೆ. ಇಲ್ಲಿ ಅಂಥದ್ದೊಂದು ಇರಲೇ ಇಲ್ಲ.

‘ಸೆಟ್‌ಡಿಫಾಲ್ಟ್‌ಬಟನ್’ಗೆ ಪ್ರಿಂಟ್ ಕೊಟ್ಟರೆ ಒಂದೇ ಸಾಲಿನಲ್ಲಿ ಮುಗೀತು ಅನ್ನಿಸುತ್ತದೆ. ಆದರೆ ಆಗ ‘ರದ್ದು’ ಮೇಲೆ ನಿಂತು ಎಂಟರ್ ಒತ್ತಿದರೂ ಬಿಲ್ ಪ್ರಿಂಟ್ ಆಗುತ್ತದೆ! ಅದಕ್ಕೇ ಯುಐಮ್ಯಾನೇಜರ್‌ನಲ್ಲಿ ‘ಬಟನ್.ಡಿಫಾಲ್ಟ್‌ಬಟನ್‌ಫಾಲೋಸ್‌ಫೋಕಸ್’ ಅನ್ನು ಟ್ರೂ ಮಾಡಿದೆ. ಫೋಕಸ್ ಯಾವ ಬಟನ್‌ಗೆ ಹೋದರೆ ಅದೇ ಡಿಫಾಲ್ಟ್.

“ಸ್ಪೇಸ್ ಒತ್ತು ಚಿಗವ್ವ” ಅಂತ ಹೇಳಿಯೂ ಮುಗಿಸಬಹುದಿತ್ತು. ಆದರೆ ಎಡಗೈಯಲ್ಲಿ ಸೀರೆ ಹಿಡಿದು ಬಲಗೈಯಲ್ಲಿ ನಂಬರ್ ಪ್ಯಾಡ್ ಒತ್ತುವವಳಿಗೆ ಎಂಟರ್ ಬೆರಳ ತುದಿಯಲ್ಲೇ ಇದೆ. ಬದಲಾಗಬೇಕಿದ್ದದ್ದು ಪ್ರೋಗ್ರಾಂ, ಆಕೆಯ ಕೈರೂಢಿಯಲ್ಲ.