ಎಂಬತ್ತನಾಲ್ಕೂವರೆ

ನನಗೆ ಆಸ್ಪರ್ಜರ್ ಸಿಂಡ್ರೋಮ್ ಇದೆಯೆಂದು ಗೊತ್ತಾದದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಅಮೆರಿಕದ ಮನೋವೈದ್ಯರು ಆ ಹೆಸರನ್ನೇ ತಮ್ಮ ಕೈಪಿಡಿಯಿಂದ ತೆಗೆದುಹಾಕಿ ವರ್ಷವಾಗಿತ್ತು. 1994ರಲ್ಲಿ ಸೇರಿಸಿಕೊಂಡವರು ಅವರೇ, 2013ರಲ್ಲಿ ‘ಆಟಿಸಂ ಸ್ಪೆಕ್ಟ್ರಮ್’ ಎಂಬ ದೊಡ್ಡ ಖಾತೆಗೆ ವರ್ಗಾಯಿಸಿ ಹಳೆಯದನ್ನು ಮುಚ್ಚಿದವರೂ ಅವರೇ. ನಾನೇನೂ ತಡವಾಗಿ ಹೋಗುವ ಪೈಕಿಯಲ್ಲ. ಲಗ್ನಪತ್ರಿಕೆಯಲ್ಲಿ ಹತ್ತು ಗಂಟೆ ಎಂದಿದ್ದರೆ ಹತ್ತಕ್ಕೇ ಹೋಗಿ, ಚಪ್ಪರ ಕಟ್ಟುವವರ ಜೊತೆ ಕೂತಿರುವವನು. ಇದೊಂದಕ್ಕೆ ಮಾತ್ರ ಎಲೆ ಎತ್ತಿದ ಮೇಲೆ ತಲುಪಿದೆ.

ಡಾಕ್ಟರ ಹತ್ತಿರ ಹೋದದ್ದು ನನಗಾಗಿಯೂ ಅಲ್ಲ. ತಂಗಿಯ ಮೊಮ್ಮಗನಿಗೆ ಮಾತು ಬಂದಿರಲಿಲ್ಲ, ಅವನನ್ನು ಕರೆದುಕೊಂಡು ಎಲ್ಲರೂ ಬೆಂಗಳೂರಿಗೆ ಹೋಗಿದ್ದೆವು. “ಮನೇಲಿ ಹಿಂದೆ ಯಾರಾದ್ರೂ ಹೀಗೆ ಇದ್ರಾ?” ಎಂದು ಡಾಕ್ಟರು ಕೇಳಿದರು. ತಂಗಿ ಬಾಯಿ ಬಿಡಲಿಲ್ಲ, ನನ್ನ ಕಡೆ ತಿರುಗಿದಳಷ್ಟೆ. ನಾನಾಗ ನೆಲದ ಮೇಲೆ ಕೂತು, ಹುಡುಗ ಸಾಲಾಗಿ ಜೋಡಿಸಿದ್ದ ಮರದ ತುಂಡುಗಳಲ್ಲಿ ಜಾಗ ತಪ್ಪಿದ್ದ ಹಳದಿಯೊಂದನ್ನು ಸರಿಮಾಡುತ್ತಿದ್ದೆ. ಬೇರೆ ಯಾರು ಮುಟ್ಟಿದರೂ ಕಿರುಚುವ ಹುಡುಗ ನನ್ನ ತಿದ್ದುಪಡಿಯನ್ನು ಒಪ್ಪಿಕೊಂಡಿದ್ದ. ಡಾಕ್ಟರು ಅವನನ್ನು ಬಿಟ್ಟು ನನ್ನನ್ನು ನೋಡತೊಡಗಿದರು.

ಆಮೇಲೆ ನನಗೂ ಪರೀಕ್ಷೆಗಳಾದವು. ಕೇಂಬ್ರಿಡ್ಜಿನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು 2001ರಲ್ಲಿ ಮಾಡಿದ ಐವತ್ತು ವಾಕ್ಯಗಳ ಪಟ್ಟಿ ಅದರಲ್ಲೊಂದು. ಪಾರ್ಟಿಗೆ ಹೋಗುವುದಕ್ಕಿಂತ ಲೈಬ್ರರಿಗೆ ಹೋಗುವುದು ಇಷ್ಟವೇ ಎಂಬ ಅರ್ಥದ್ದೊಂದು ಅದರಲ್ಲಿತ್ತು. ನಮ್ಮ ತಾಲ್ಲೂಕಿನಲ್ಲಿ ಪಾರ್ಟಿ ಎಂದರೆ ಕಾಂಗ್ರೆಸ್, ಇಲ್ಲವೇ ಜನತಾ. ಯಾವ ಪಾರ್ಟಿ ಎಂದು ಕೇಳಿದೆ. ಡಾಕ್ಟರು ಏನನ್ನೋ ಬರೆದುಕೊಂಡರು. ಕೊನೆಗೆ ಅವರು ಎಲ್ಲವನ್ನೂ ವಿವರಿಸಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: “ಇದಕ್ಕೆ ಮಾತ್ರೆ ಇದೆಯಾ ಡಾಕ್ಟ್ರೇ?” ಇಲ್ಲ ಎಂದರು. “ಸರಿ, ಹಾಗಾದ್ರೆ ಏಳಿ, ಐದೂವರೆ ಬಸ್ಸು ಸಿಗುತ್ತೆ” ಎಂದಳು.

ಅಮೆರಿಕದವರು ಕೈಬಿಟ್ಟರೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆಸ್ಪರ್ಜರ್ ಆಗ ಇನ್ನೂ ಇತ್ತು. ಅದರ ಸಂಖ್ಯೆ ಎಫ್ 84.5. ಹೆಸರಿಗಿಂತ ನನಗೆ ಹಿಡಿಸಿದ್ದು ಈ ಸಂಖ್ಯೆ. ಬ್ಯಾಂಕಿನಲ್ಲಿ ಐವತ್ತು ಪೈಸೆ ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ಮುಂದಿನ ರೂಪಾಯಿಗೆ ಏರಿಸುವುದು ಪದ್ಧತಿ. ಹಾಗೆ ಏರಿಸಿದರೆ 85. ಪಟ್ಟಿ ತೆಗೆದು ನೋಡಿದೆ, ಎಫ್ 84 ಆದಮೇಲೆ ನೇರ ಎಫ್ 88. 85 ಎಂಬ ಕಾಯಿಲೆಯೇ ಇಲ್ಲ. ಬ್ಯಾಂಕಿನ ನಿಯಮದ ಪ್ರಕಾರ ನಾನು ಆರೋಗ್ಯವಂತ.

ಬ್ಯಾಂಕು ಎಂದೆನಲ್ಲ, ನಾನು ಕ್ಲರ್ಕಾಗಿ ಸೇರಿದ್ದು 1980ರಲ್ಲಿ. ಇಂಟರ್‌ವ್ಯೂನಲ್ಲಿ ಯಾರ ಮುಖವನ್ನೂ ನೋಡದೆ ಮೇಜಿನ ಅಂಚನ್ನೇ ನೋಡಿ ಉತ್ತರ ಹೇಳಿದೆ. ನಮ್ಮ ಕಡೆ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವನು ಉದ್ಧಟ. ಹೀಗಾಗಿ ಸ್ಕೂಲಿನಿಂದ ಹಿಡಿದು ಹೆಣ್ಣು ನೋಡುವ ಶಾಸ್ತ್ರದವರೆಗೆ ನನ್ನ ಲಕ್ಷಣಕ್ಕೆ ವಿನಯ ಎಂದೇ ಮಾರ್ಕ್ಸ್ ಬಿದ್ದಿತ್ತು. ಬೇರೆ ದೇಶದಲ್ಲಿ ಹುಟ್ಟಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದೆನೇನೋ.

ಆಗೆಲ್ಲ ಲೆಡ್ಜರಿನ ಕಾಲ. ತಿಂಗಳಿಗೊಮ್ಮೆ ಸೇವಿಂಗ್ಸ್ ಲೆಡ್ಜರುಗಳ ಬಾಕಿಯನ್ನೆಲ್ಲ ಕೂಡಿ ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಇಡೀ ಬ್ರಾಂಚು ರಾತ್ರಿ ಒಂಬತ್ತರವರೆಗೆ ಗೋಣು ಬಗ್ಗಿಸಿ ಕೂರಬೇಕು. ನನಗೆ ಅದಕ್ಕಿಂತ ಸುಖದ ಹೊತ್ತು ಬೇರೆ ಇರಲಿಲ್ಲ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಎಂದು ಅನುಮಾನಿಸಬೇಕು: 1,270 ಎಂಬುದನ್ನು 1,720 ಎಂದು ಬರೆದರೆ ವ್ಯತ್ಯಾಸ 450, ಅಂದರೆ ಐವತ್ತು ಒಂಬತ್ತಲೆ. ಖರ್ಚಿನದು ಜಮೆಗೆ ಬಿದ್ದಿದ್ದರೆ ವ್ಯತ್ಯಾಸದ ಅರ್ಧ ಮೊತ್ತವನ್ನು ಹುಡುಕಬೇಕು. ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಾಗ ಪುಟದ ಮೇಲಿನ ಆ ಒಂದು ಅಂಕಿ ತಾನಾಗಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಮನುಷ್ಯರು ಸಿಟ್ಟಾಗಿದ್ದಾರೋ ತಮಾಷೆ ಮಾಡುತ್ತಿದ್ದಾರೋ ತಿಳಿಯಲು ಇಂಥ ಒಂಬತ್ತರ ಸೂತ್ರ ಯಾಕಿಲ್ಲ ಎಂದು ಮನೆಗೆ ನಡೆಯುವಾಗ ಯೋಚಿಸುತ್ತಿದ್ದೆ.

ನಮ್ಮ ಹೆಡ್ ಕ್ಲರ್ಕು ಶಿಸ್ತಿನವರು, ಎಲೆಅಡಿಕೆ ಹಾಕುವವರು. ಸೇರಿದ ಸ್ವಲ್ಪ ದಿನಕ್ಕೇ ನನ್ನನ್ನು ಅಳೆದುಬಿಟ್ಟಿದ್ದರು. ಗುಂಯ್‌ಗುಡುವ ಟ್ಯೂಬ್‌ಲೈಟಿನ ಕೆಳಗಿದ್ದ ನನ್ನ ಮೇಜನ್ನು ಸ್ಟ್ರಾಂಗ್ ರೂಮಿನ ಪಕ್ಕದ ಮೂಲೆಗೆ ಹಾಕಿಸಿದರು. ಬೆಳಿಗ್ಗೆ ಹೋದ ತಕ್ಷಣ ಅವತ್ತಿನ ಕೆಲಸವನ್ನು ನಂಬರು ಹಾಕಿ ಚೀಟಿಯಲ್ಲಿ ಬರೆದಿಡುತ್ತಿದ್ದರು. ಬೆನ್ನು ತಟ್ಟಿ ಮಾತಾಡಿಸುವ ಕ್ಯಾಶಿಯರಿಗೆ, “ಅವನ್ನ ಮುಟ್ಟಬೇಡ್ರಿ, ಬಾಯಲ್ಲಿ ಹೇಳಿ” ಎಂದಿದ್ದರು. ಯಾಕೆ ಎಂದು ಯಾರಾದರೂ ಕೇಳಿದರೆ, “ಅವನು ಹಾಗೇನೇ, ಬಿಡಿ” ಅನ್ನುವುದು ಅವರ ಡಯಾಗ್ನೋಸಿಸ್. ನಮ್ಮ ದೇಶದಲ್ಲಿ ಆಟಿಸಂ ಇದ್ದವರಿಗೂ ಕೆಲಸದ ಜಾಗದಲ್ಲಿ ತಕ್ಕ ಅನುಕೂಲ ಮಾಡಿಕೊಡಬೇಕೆಂಬ ಕಾಯ್ದೆ ಬಂದದ್ದು 2016ರಲ್ಲಿ. ನಮ್ಮ ಬ್ರಾಂಚಿನಲ್ಲಿ ಅದು ಎಂಬತ್ತರ ದಶಕದಲ್ಲೇ ಜಾರಿಯಾಗಿತ್ತು.

ಆದರೆ ಅವರು ರಿಟೈರಾದ ದಿನವೇ ಆ ಕಾಯ್ದೆಯೂ ರದ್ದಾಯಿತು. ಹೊಸಬರು ಮೇಜನ್ನು ಹಳೆಯ ಜಾಗಕ್ಕೆ ಎಳೆಸಿದರು. ಹಿಂದಿನ ಕಾಲದಲ್ಲಿ ಜನ ಎಷ್ಟು ಒಳ್ಳೆಯವರಿದ್ದರು, ಕಾಯ್ದೆಗೀಯ್ದೆ ಬೇಕಿರಲಿಲ್ಲ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ನಾನು ದನಿಗೂಡಿಸುವುದಿಲ್ಲ. ಒಳ್ಳೆಯವರಿಗೂ ಟ್ರಾನ್ಸ್‌ಫರ್ ಆಗುತ್ತದೆ.

ಆಮೇಲೆ ಕಂಪ್ಯೂಟರು ಬಂತು. ತಾಳೆ ನೋಡುವ ಕೆಲಸವನ್ನು ಅದು ನುಂಗಿತು, ಉಳಿದದ್ದು ನಗುವ ಕೆಲಸ. ನಮ್ಮನ್ನೆಲ್ಲ ಟ್ರೈನಿಂಗಿಗೆ ಕಳಿಸಿ, ಗ್ರಾಹಕರ ಕಣ್ಣು ನೋಡಿ ಮಾತಾಡಬೇಕು ಎಂದರು. ಹಣೆಯ ಕುಂಕುಮ ನೋಡಿದರೆ ಕಣ್ಣು ನೋಡಿದಂತೆಯೇ ಕಾಣುತ್ತದೆ ಎಂದು ನಾನು ಕಂಡುಕೊಂಡೆ. ನಾಮ, ವಿಭೂತಿಯವರು ಬಂದರೆ ಇನ್ನೂ ನಿರಾಳ. ಬೋಳುಹಣೆಯವರು ಬಂದರೆ ಮಾತ್ರ ಪಾಸ್‌ಬುಕ್ಕಿಗೆ ಶರಣು. ಜೊತೆಗೆ ಇನ್ಶೂರೆನ್ಸ್ ಪಾಲಿಸಿ ಮಾರುವ ಟಾರ್ಗೆಟ್ಟು ಬೇರೆ. ಹಾಲಿನ ಡೈರಿಯ ದುಡ್ಡು ಕಟ್ಟಲು ಬಂದ ಅಜ್ಜಿಯೊಬ್ಬರು ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ನನಗೆ ಒಳ್ಳೇದಾ ಸ್ವಾಮಿ?” ಎಂದರು. ಅವರ ವಯಸ್ಸು ಕೇಳಿ, ಕಂತನ್ನು ಕೂಡಿ, “ಇಲ್ಲಮ್ಮ” ಎಂದೆ. ಮ್ಯಾನೇಜರು ಕ್ಯಾಬಿನ್ನಿಗೆ ಕರೆದು ದೊಡ್ಡ ದನಿಯಲ್ಲಿ ಏನೇನೋ ಹೇಳಿದರು. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಮಾತ್ರ ಹೇಳಲಿಲ್ಲ.

ಹೆಸರು ಸಿಕ್ಕ ಮೇಲೆ ಅದರ ಜಾತಕ ತೆಗೆದೆ. ವಿಯೆನ್ನಾದ ಮಕ್ಕಳ ಡಾಕ್ಟರು ಹಾನ್ಸ್ ಆಸ್ಪರ್ಜರ್ 1944ರಲ್ಲಿ ನಾಲ್ವರು ಹುಡುಗರ ಬಗ್ಗೆ ಬರೆದಿದ್ದರು. ಅದನ್ನು ಎತ್ತಿ ಹೊರಗಿಟ್ಟು 1981ರಲ್ಲಿ ಅವರ ಹೆಸರಿಗೆ ಚಾಲ್ತಿ ಕೊಟ್ಟವರು ಬ್ರಿಟನ್ನಿನ ಲಾರ್ನಾ ವಿಂಗ್, ಆಟಿಸಂ ಇದ್ದ ಮಗಳನ್ನು ಸಾಕಿದ ತಾಯಿ. ಇಷ್ಟು ಓದಿ ಹೆಮ್ಮೆಪಟ್ಟುಕೊಳ್ಳುವಷ್ಟರಲ್ಲಿ 2018 ಬಂತು. ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರರು ಹಳೆಯ ಕಡತ ಬಿಚ್ಚಿ, ನಾಜಿಗಳು ಮಕ್ಕಳನ್ನು ಕೊಲ್ಲುತ್ತಿದ್ದ ‘ಆಮ್ ಶ್ಪೀಗೆಲ್‌ಗ್ರುಂಟ್’ ಎಂಬ ಆಸ್ಪತ್ರೆಗೆ ಆಸ್ಪರ್ಜರ್ ಕೆಲವು ಮಕ್ಕಳನ್ನು ಕಳಿಸಿದ್ದರೆಂದು ತೋರಿಸಿದರು. ಆ ಮಕ್ಕಳಲ್ಲಿ ಮಾತು ಬಾರದ, ನಮ್ಮ ಹುಡುಗನಂಥವರೂ ಇದ್ದಿರಬೇಕು. ಹೆಸರು ಹೋದದ್ದಕ್ಕೆ ಅಲ್ಲಿಯವರೆಗೆ ಇದ್ದ ಬೇಜಾರು ಅವತ್ತಿಗೆ ಮುಗಿಯಿತು.

ನಾನು ಇಟ್ಟುಕೊಂಡದ್ದು ಬೇರೊಬ್ಬರ ಮಾತು. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ ಎಂಬವರು 2012ರಲ್ಲಿ ವಾದಿಸಿದ ಪ್ರಕಾರ, ನಮ್ಮಂಥವರಿಗೆ ಇತರರು ಅರ್ಥವಾಗುವುದಿಲ್ಲ ಎನ್ನುವುದು ಅರ್ಧ ಮಾತು. ಇತರರಿಗೆ ನಾವೂ ಅರ್ಥವಾಗುವುದಿಲ್ಲ. ಖರ್ಚಿದ್ದಲ್ಲಿ ಅಷ್ಟೇ ಜಮೆ ಇರಲೇಬೇಕು ಎಂಬ ನಮ್ಮ ಡಬಲ್ ಎಂಟ್ರಿಯೇ ಇದು. ಇಷ್ಟು ವರ್ಷ ಮೊತ್ತವನ್ನೆಲ್ಲ ನನ್ನ ಒಬ್ಬನ ಖರ್ಚಿಗೇ ಬರೆದುಕೊಂಡು ಬಂದಿದ್ದರು, ನಾನೂ ಸಹಿ ಹಾಕಿದ್ದೆ.

2018ರಲ್ಲಿ ನಾನು ರಿಟೈರಾದೆ. ನನ್ನ ಎಫ್ 84.5 ರಿಟೈರಾದದ್ದು 2022ರಲ್ಲಿ. ಆ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯಲ್ಲಿ ಅದೂ ಇಲ್ಲ. ನನ್ನ ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಪೇಟ ತೊಡಿಸುವಾಗ ಯಾರೂ ತಲೆ ಮುಟ್ಟದಂತೆ ನಮ್ಮ ಅಟೆಂಡರಮ್ಮ ನಡುವೆ ಬಂದು, ಅದನ್ನು ನನ್ನ ಕೈಗೇ ಕೊಟ್ಟರು. ಎಲ್ಲರೂ “ಆಗಾಗ ಬರ್ತಾ ಇರಿ ಸಾರ್” ಎಂದರು. “ಯಾವ ದಿನ?” ಎಂದು ಕೇಳಿದೆ. ನಕ್ಕರು. ದಿನ ಹೇಳಲಿಲ್ಲವಾದ್ದರಿಂದ ನಾನೇ ಎರಡನೇ ಮಂಗಳವಾರ ಎಂದು ಗೊತ್ತುಮಾಡಿಕೊಂಡೆ, ಅವತ್ತು ರಷ್ಷು ಕಡಿಮೆ. ತಿಂಗಳಿಗೊಮ್ಮೆ ಹನ್ನೊಂದೂವರೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಗೋಡೆ ಪಕ್ಕದ ಬೆಂಚಿನ ಮೇಲೆ ಕಾಲು ಗಂಟೆ ಕೂತು ಬರುತ್ತೇನೆ. ಅವತ್ತು ಕರೆದವರೆಲ್ಲ ಒಬ್ಬೊಬ್ಬರಾಗಿ ಬೇರೆ ಬ್ರಾಂಚುಗಳಿಗೆ ಹೋದರು. ಅಟೆಂಡರಮ್ಮ ಮಗಳ ಮನೆಗೆ, ಶಿವಮೊಗ್ಗಕ್ಕೆ. ಈಗಿನ ಮ್ಯಾನೇಜರಿಗೆ ನಾನು ಯಾರೆಂದು ಗೊತ್ತಿಲ್ಲ. ಒಮ್ಮೆ ಬಂದು, “ಏನಾದ್ರೂ ಕೆಲಸ ಇತ್ತಾ ಸಾರ್?” ಎಂದು ಕೇಳಿದರು. ಕರೆದಿದ್ದಾರೆ, ಬಂದಿದ್ದೇನೆ ಎಂದೆ. ಟೀ ಕೊಡಿಸಿದರು.